“ನಾರ್ಮಲ್” ಎಂದು ಬರೆದ ಚೀಟಿ

(ತೋಟದ ಕಾರ್ಮಿಕ ಕೂಟದಲ್ಲಿ ಆಡಿದ ಮಾತು. ಅಂದು ಕೆಲಸದ ಮೇಲಿದ್ದು ಬರಲಾಗದವರಿಗಾಗಿ ಬರೆದು ಕೊಟ್ಟಿದ್ದೇವೆ.)



ಲೂಕನು ವೈದ್ಯನಾಗಿದ್ದನೆಂಬುದು ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದಿಂದ ನಮಗೆಲ್ಲರಿಗೂ ಗೊತ್ತಿರುವ ಸಂಗತಿ. ಲೂಕನ ಹಬ್ಬದ ವಾರದಲ್ಲಿ ಆರೋಗ್ಯದ ವಿಷಯವಾಗಿ ಯಾರಾದರೂ ನಾಲ್ಕು ಮಾತು ಆಡುವುದು ನಮ್ಮ ಕೂಟದ ಪದ್ಧತಿ. ಈ ಸಲ ಅಯ್ಯನವರು ಆ ಭಾರವನ್ನು ಆರೋಗ್ಯ ಸಮಿತಿಯವರಾದ ನಮ್ಮ ಮೇಲೆ ಹಾಕಿದ್ದಾರೆ. ನಾವು ಡಾಕ್ಟರರಲ್ಲ. ನಮ್ಮಲ್ಲಿ ಒಬ್ಬರು ಡಿಸ್ಪೆನ್ಸರಿಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಒಬ್ಬರು ಫ್ಯಾಕ್ಟರಿಯವರು, ಇಬ್ಬರು ಎಲೆ ಕೀಳುವವರು. ಆದರೂ ಈ ಒಂದು ವಿಷಯವನ್ನು ಓದಿ, ಕೇಳಿ, ಬಲ್ಲವರ ಹತ್ತಿರ ಕೂತು ಕಲಿತೆವು. ಯಾಕೆ ಕಲಿತೆವೆಂದು ಮೊದಲು ಹೇಳಿಬಿಡುತ್ತೇವೆ.

ಎರಡು ಮಳೆಗಾಲದ ಹಿಂದೆ ನಮ್ಮ ಜೊತೆ ಇದೇ ಬೆಂಚಿನ ಮೇಲೆ ಕೂರುತ್ತಿದ್ದ ಒಬ್ಬ ಅಣ್ಣನವರನ್ನು ನೀವು ಮರೆತಿಲ್ಲ. ಅವರ ಮನೆಯವರು ಇಲ್ಲೇ ಕೂತಿದ್ದಾರೆ, ಅವರ ಅಪ್ಪಣೆ ಪಡೆದೇ ಈ ಮಾತು ಹೇಳುತ್ತಿದ್ದೇವೆ, ಹೆಸರು ಬೇಡ. ಫ್ಯಾಕ್ಟರಿಯಿಂದ ಲೈನಿಗೆ ಹತ್ತುವ ದಾರಿಯಲ್ಲಿ ಅವರು ಮೂರು ಕಡೆ ನಿಲ್ಲುತ್ತಿದ್ದರು. ಮೊದಲು ಒಂದೇ ಕಡೆ, ಆಮೇಲೆ ಎರಡು, ಆಮೇಲೆ ಮೂರು. ಕೇಳಿದರೆ “ಗ್ಯಾಸ್ ಕಣಪ್ಪ” ಅನ್ನುವರು. ಶುಂಠಿ ಕಷಾಯ, ಓಮದ ನೀರು, ಸೋಡಾ, ಎಲ್ಲ ಆಯಿತು. ಒಂದು ದಿನ ನಸುಕಿನಲ್ಲಿ, ಹತ್ತುವುದೂ ಇಲ್ಲ ಇಳಿಯುವುದೂ ಇಲ್ಲ, ಕೂತಲ್ಲೇ ಎದೆ ಹಿಂಡಿ ಮೈಯೆಲ್ಲ ಬೆವರಿತು. ಜೀಪು ಹಿಡಿದು ಪೇಟೆಗೆ ಕರೆದುಕೊಂಡು ಹೋದರು. ನೋವು ಶುರುವಾಗಿ ಒಂದೂವರೆ ಗಂಟೆಯೂ ಆಗಿರಲಿಲ್ಲ. ಅಲ್ಲಿ ರಕ್ತ ತೆಗೆದು ಸಣ್ಣದೊಂದು ಕಾರ್ಡಿನ ಮೇಲೆ ಬಿಟ್ಟರು. ಕಾರ್ಡಿನಲ್ಲಿ ಒಂದೇ ಗೆರೆ ಬಂತು. “ಹಾರ್ಟ್ ನಾರ್ಮಲ್” ಎಂದು ಚೀಟಿ ಬರೆದು ಗ್ಯಾಸಿನ ಮಾತ್ರೆ ಕೊಟ್ಟು ಕಳುಹಿಸಿದರು.

ಆ ಚೀಟಿಯನ್ನು ಅವರು ಬುಧವಾರದ ಪ್ರಾರ್ಥನೆಗೆ ತಂದರು. ನಾವೆಲ್ಲ ಕೈಯಿಂದ ಕೈಗೆ ಕೊಟ್ಟು ನೋಡಿದೆವು. ಕರ್ತನಿಗೆ ಸ್ತೋತ್ರ ಹೇಳಿದೆವು. ನಾಲ್ಕನೆಯ ದಿನ ಸೌದೆ ಹೊತ್ತು ಹತ್ತುವಾಗ ಎರಡನೆಯ ತಿರುವಿನಲ್ಲಿ ಕುಸಿದರು. ಜೀಪು ಬರುವಷ್ಟರಲ್ಲಿ ಮುಗಿದಿತ್ತು. ಅವರಿಗೆ ಐವತ್ತೆರಡು.

ಆ ಕ್ಲಿನಿಕ್ಕಿನ ಮೇಲೆ ಕಲ್ಲೆಸೆಯುವುದಕ್ಕೆ ನಾವು ಇಲ್ಲಿ ನಿಂತಿಲ್ಲ. ಆ ಚೀಟಿಯನ್ನು ನಾವೂ ಓದಿದವರೇ. ಒಂದು ಗೆರೆ ಎಂದರೇನು, ಎರಡು ಗೆರೆ ಎಂದರೇನು, ಯಾವ ಹೊತ್ತಿನಲ್ಲಿ ತೆಗೆದ ರಕ್ತ ಯಾವ ಮಾತು ಹೇಳಬಲ್ಲದು, ಇದು ನಮ್ಮಲ್ಲಿ ಒಬ್ಬರಿಗಾದರೂ ತಿಳಿದಿದ್ದರೆ ಅವರನ್ನು ಅಂದೇ ಮತ್ತೊಮ್ಮೆ ಕರೆದುಕೊಂಡು ಹೋಗುತ್ತಿದ್ದೆವು. ಅದಕ್ಕೇ ಕಲಿತೆವು.

ಈಗ ವಿಷಯಕ್ಕೆ ಬರೋಣ. ಹೃದಯ ಒಂದು ಮಾಂಸದ ಪಂಪು. ಊರಿಗೆಲ್ಲ ನೀರು ಹಾಯಿಸುವ ಪಂಪಿಗೂ ಎಣ್ಣೆ ಬೇಕಾಗುವ ಹಾಗೆ, ಮೈಗೆಲ್ಲ ರಕ್ತ ತಳ್ಳುವ ಹೃದಯಕ್ಕೂ ತನ್ನದೇ ರಕ್ತನಾಳಗಳಿವೆ. ಆ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ದಾರಿ ಕಿರಿದಾಗುತ್ತದೆ. ಸುಮ್ಮನೆ ಕೂತಿದ್ದಾಗ ಅಷ್ಟು ರಕ್ತ ಸಾಕು. ಏರು ಹತ್ತುವಾಗ, ಹೊರೆ ಹೊತ್ತಾಗ, ಚಳಿಗಾಳಿಗೆ ಎದೆ ಕೊಟ್ಟಾಗ, ಹೊಟ್ಟೆ ತುಂಬ ಉಂಡ ಕೂಡಲೆ ನಡೆದಾಗ, ಕೋಪ ಬಂದಾಗ ಸಾಲದು. ಆಗ ಹೃದಯದ ಮಾಂಸ ಹಸಿದು ಕೂಗುತ್ತದೆ. ಎದೆಯ ನಡುವೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ. ಕೆಲವರಿಗೆ ಎಡತೋಳಿಗೆ, ಗಂಟಲಿಗೆ, ದವಡೆಗೆ, ಬೆನ್ನಿಗೆ. ನಿಂತರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಇದಕ್ಕೆ ಡಾಕ್ಟರರು ಆಂಜೈನಾ ಎನ್ನುತ್ತಾರೆ, ಹಳೆಯ ಕನ್ನಡ ಪುಸ್ತಕಗಳಲ್ಲಿ ಹೃದಯಶೂಲೆ ಎಂದಿದೆ.

ಇದನ್ನು ಮೊದಲು ಸರಿಯಾಗಿ ಬರೆದಿಟ್ಟವರು ಲಂಡನ್ನಿನ ವಿಲಿಯಂ ಹೆಬರ್ಡನ್ ಎಂಬ ವೈದ್ಯರು. 1768ರಲ್ಲಿ ಓದಿ 1772ರಲ್ಲಿ ಅಚ್ಚು ಹಾಕಿಸಿದರು. ಆಗ ಇಸಿಜಿ ಇಲ್ಲ, ರಕ್ತಪರೀಕ್ಷೆ ಇಲ್ಲ. ರೋಗಿಯ ಮಾತು ಕೇಳಿಯೇ ತಿಳಿದರು. ನಡೆಯುವಾಗ, ಅದರಲ್ಲಿಯೂ ಗುಡ್ಡ ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿಗೆ ಬರುತ್ತದೆ, ನಿಂತರೆ ಹೋಗುತ್ತದೆ ಎಂದು ಅವರು ಗುರುತು ಹಾಕಿಟ್ಟರು. ಎರಡೂವರೆ ಶತಮಾನದ ಹಿಂದೆ ನಮ್ಮ ಗುಡ್ಡದ ದಾರಿಯನ್ನೇ ನೋಡಿ ಬರೆದ ಹಾಗಿದೆ. ಅವರ ಬರಹದಲ್ಲಿ ಇನ್ನೊಂದು ಸ್ವಾರಸ್ಯವಿದೆ: ಒಬ್ಬ ರೋಗಿ ದಿನಾ ಅರ್ಧ ಗಂಟೆ ಗರಗಸ ಹಿಡಿದು ಮರ ಕುಯ್ಯುವ ಕೆಲಸ ಇಟ್ಟುಕೊಂಡು ಹೆಚ್ಚುಕಡಿಮೆ ಗುಣವಾದನಂತೆ. ಹದವಾದ ದುಡಿಮೆ ಹೃದಯಕ್ಕೆ ವೈರಿಯಲ್ಲ. ಹದ ಯಾವುದು ಎಂಬುದನ್ನು ಡಾಕ್ಟರು ಹೇಳಬೇಕು, ಮೇಸ್ತ್ರಿ ಅಲ್ಲ.

ಒಂದು ಮಾತು ತಾಯಂದಿರಿಗೆ. ಹೆಂಗಸರಲ್ಲಿ ಎಷ್ಟೋ ಸಲ ನೋವಿಗಿಂತ ಮೇಲುಸಿರು, ಸುಸ್ತು, ಬೆನ್ನುನೋವು, ವಾಕರಿಕೆ ಎದ್ದು ಕಾಣುತ್ತದೆ. “ಎದೆನೋವು ಇಲ್ಲವಲ್ಲ” ಎಂದು ಸುಮ್ಮನಿರಬೇಡಿ.

ಈಗ ರಕ್ತಕ್ಕೆ ಬರೋಣ. ರಕ್ತ ಪರೀಕ್ಷೆಯಲ್ಲಿ ಹೃದಯದ ಸುದ್ದಿ ಹೇಗೆ ಸಿಗುತ್ತದೆ? ನಮ್ಮ ಫ್ಯಾಕ್ಟರಿಯವರಿಗೆ ತಿಳಿಯುವ ಹಾಗೆ ಹೇಳುವುದಾದರೆ ಹೀಗೆ. ಎಲೆ ಉರುಳಿಸುವ ಯಂತ್ರ ವಿದ್ಯುತ್ ಕಡಿಮೆಯಾಗಿ ನರಳುತ್ತಿದೆ ಎನ್ನಿ. ಸದ್ದು ಬರುತ್ತದೆ, ಆದರೆ ಯಂತ್ರದ ಚೂರು ಹೊರಗೆ ಬೀಳುವುದಿಲ್ಲ. ಯಂತ್ರ ಮುರಿದರೆ ಮಾತ್ರ ಚೂರುಗಳು ಎಲೆಯ ಜೊತೆ ಹೊರಗೆ ಬರುತ್ತವೆ. ಹೃದಯದ ಮಾಂಸದ ಎಳೆಯೊಳಗೆ ಟ್ರೋಪೋನಿನ್ ಎಂಬ ಒಂದು ಪದಾರ್ಥ ಇದೆ. ಮಾಂಸ ಕುಗ್ಗಿ ಹಿಗ್ಗುವುದಕ್ಕೆ ಅದೇ ಕೀಲಿ. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಅದನ್ನು ಕಂಡುಹಿಡಿದರು. ಹೃದಯದ ಮಾಂಸ ಸತ್ತರೆ ಅಥವಾ ಗಾಯವಾದರೆ ಅದು ಕಳಚಿ ರಕ್ತಕ್ಕೆ ಸೋರುತ್ತದೆ. ಹಸಿವು ಬೇರೆ, ಗಾಯ ಬೇರೆ. ಆಂಜೈನಾ ಹಸಿವು; ಹಾರ್ಟ್ ಅಟ್ಯಾಕ್ ಗಾಯ. ಟ್ರೋಪೋನಿನ್ ಗಾಯದ ಗುರುತೇ ಹೊರತು ಹಸಿವಿನ ಗುರುತಲ್ಲ.

ಇದನ್ನು ಇನ್ನೊಮ್ಮೆ ಹೇಳುತ್ತೇವೆ, ಯಾಕೆಂದರೆ ನಮ್ಮ ಅಣ್ಣನವರ ಕಥೆಯೆಲ್ಲ ಇದರೊಳಗೆ ಇದೆ. ಹತ್ತುವಾಗ ಎದೆ ಹಿಂಡಿ, ನಿಂತರೆ ಹೋಗುವ ನೋವಿರುವವನ ರಕ್ತದಲ್ಲಿ ಟ್ರೋಪೋನಿನ್ ಹೆಚ್ಚಿಲ್ಲದೆ ಇರಬಹುದು. ಸಾಮಾನ್ಯವಾಗಿ ಹಾಗೇ ಇರುತ್ತದೆ. ಅಂಥ ಚೀಟಿಯಲ್ಲಿ “ನಾರ್ಮಲ್” ಎಂದಿದ್ದರೆ “ಇವನ ಹೃದಯದ ನಾಳ ಚೆನ್ನಾಗಿದೆ” ಎಂದು ಅರ್ಥವಲ್ಲ. “ಈ ರಕ್ತ ತೆಗೆದ ಹೊತ್ತಿಗೆ ಗಾಯದ ಗುರುತು ಕಾಣಲಿಲ್ಲ” ಎಂದಷ್ಟೇ ಅರ್ಥ.

ಇನ್ನೊಂದು, ಹೊತ್ತು. ಗಾಯವಾದ ತಕ್ಷಣ ಟ್ರೋಪೋನಿನ್ ಏರಿಬಿಡುವುದಿಲ್ಲ. ಹಳೆಯ ಬಗೆಯ ಪರೀಕ್ಷೆಗಳಲ್ಲಿ ಅದು ಕಾಣಿಸಿಕೊಳ್ಳಲು ಮೂರು ನಾಲ್ಕು ಗಂಟೆ ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು. ಏರಿದ ಮೇಲೆ ಒಂದು ವಾರವೋ ಹತ್ತು ದಿನವೋ ರಕ್ತದಲ್ಲಿ ಉಳಿಯುತ್ತದೆ. ಆದ್ದರಿಂದ ಒಂದೇ ಸಲ, ಅದೂ ನೋವು ಬಂದು ಒಂದೂವರೆ ಗಂಟೆಗೆ, ಅದೂ ಕಾರ್ಡಿನ ಮೇಲೆ ನೋಡಿ “ಏನೂ ಇಲ್ಲ” ಎನ್ನುವುದು ಬಿತ್ತಿದ ದಿನವೇ ಗದ್ದೆಗೆ ಹೋಗಿ “ಮೊಳಕೆ ಬಂದಿಲ್ಲ, ಬೀಜ ಸತ್ತಿದೆ” ಎಂದ ಹಾಗೆ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಅತಿ ಸೂಕ್ಷ್ಮವಾದ ಟ್ರೋಪೋನಿನ್ ಪರೀಕ್ಷೆ ಇದೆ. ಅಲ್ಲಿಯೂ ಬಂದ ಕೂಡಲೆ ಒಮ್ಮೆ, ಒಂದರಿಂದ ಮೂರು ಗಂಟೆ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಂಕಿ ಎಷ್ಟು ಎಂಬುದಕ್ಕಿಂತ ಅಂಕಿ ಏರುತ್ತಿದೆಯೋ ಎಂಬುದು ಅವರಿಗೆ ಮುಖ್ಯ. ರಕ್ತಕ್ಕಿಂತ ಮುಂಚೆ ಇಸಿಜಿ. ಬಂದು ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ವೈದ್ಯರೇ ಇಟ್ಟುಕೊಂಡ ಕಟ್ಟಳೆ. ಅದನ್ನು ನಾವು ಬಾಯಿಬಿಟ್ಟು ಕೇಳಬಹುದು. ಕೇಳಿದರೆ ಬೈಯುವವರು ಬೈಯಲಿ.

ಈ ಗುರುತುಗಳನ್ನು ಹುಡುಕಿದ ಚರಿತ್ರೆಯೂ ಬಹಳ ಹಳೆಯದಲ್ಲ. 1954ರಲ್ಲಿ ನ್ಯೂಯಾರ್ಕಿನ ವೈದ್ಯರು ಹಾರ್ಟ್ ಅಟ್ಯಾಕ್ ಆದವರ ರಕ್ತದಲ್ಲಿ ಎಸ್‌ಜಿಓಟಿ ಎಂಬ ಪದಾರ್ಥ ಏರುವುದನ್ನು ತೋರಿಸಿದರು. ಇಂದು ಅದೇ ಹೆಸರು ನಿಮ್ಮ ಲಿವರ್ ಪರೀಕ್ಷೆಯ ಚೀಟಿಯಲ್ಲಿ ಕಾಣುತ್ತದೆ, ಹೃದಯದ ಕೆಲಸದಿಂದ ಅದಕ್ಕೆ ಎಂದೋ ರಜೆ ಸಿಕ್ಕಿದೆ. ಆಮೇಲೆ ಸಿಕೆ, ಸಿಕೆ-ಎಂಬಿ ಎಂಬವು ಬಂದವು. 1989ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಹ್ಯೂಗೊ ಕಾಟುಸ್ ಮತ್ತು ಸಂಗಡಿಗರು ಟ್ರೋಪೋನಿನ್ ಟಿ ಅಳೆಯುವ ಕ್ರಮವನ್ನು ಪ್ರಕಟಿಸಿದರು.

ನಮ್ಮ ಕಣ್ಣು ತೆರೆಸಿದ್ದು 1992ರ ಒಂದು ಅಧ್ಯಯನ. ಕ್ರಿಶ್ಚಿಯನ್ ಹಾಮ್ ಎಂಬ ಜರ್ಮನ್ ವೈದ್ಯರು, ಕೂತಲ್ಲೇ ಎದೆನೋವು ಬಂದು ಆಸ್ಪತ್ರೆ ಸೇರಿದ 84 ಆಂಜೈನಾ ರೋಗಿಗಳ ರಕ್ತವನ್ನು ಮತ್ತೆ ಮತ್ತೆ ತೆಗೆದು ನೋಡಿದರು. 33 ಮಂದಿಯಲ್ಲಿ ಟ್ರೋಪೋನಿನ್ ಕಂಡಿತು, 51 ಮಂದಿಯಲ್ಲಿ ಕಾಣಲಿಲ್ಲ. ಕಂಡ 33ರಲ್ಲಿ 10 ಮಂದಿಗೆ ಆಸ್ಪತ್ರೆಯಲ್ಲಿದ್ದಾಗಲೇ ಹಾರ್ಟ್ ಅಟ್ಯಾಕ್ ಆಯಿತು. ಕಾಣದ 51ರಲ್ಲಿ ಒಬ್ಬರಿಗೆ ಮಾತ್ರ. ನೋಡಲು ಎಲ್ಲರ ನೋವೂ ಒಂದೇ ಥರ. ರಕ್ತ ಅವರನ್ನು ಎರಡು ಗುಂಪಾಗಿ ವಿಂಗಡಿಸಿತು. ಅದೇ ವೈದ್ಯರು 1997ರಲ್ಲಿ ತುರ್ತು ಚಿಕಿತ್ಸೆಗೆ ಬಂದ 773 ಮಂದಿಯ ಮೇಲೆ ಇದನ್ನು ಮತ್ತೆ ನೋಡಿದರು: ಸರಿಯಾದ ಹೊತ್ತು ಬಿಟ್ಟು ಎರಡು ಸಲ ನೋಡಿ ಎರಡು ಸಲವೂ ಟ್ರೋಪೋನಿನ್ ಇಲ್ಲದವರಲ್ಲಿ ಮುಂದಿನ 30 ದಿನಗಳಲ್ಲಿ ಅನಾಹುತ ಆದದ್ದು ನೂರಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ. ಎರಡು ಸಲ ಎಂಬ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಪರೀಕ್ಷೆ ಒಳ್ಳೆಯದೇ. ಅದನ್ನು ಅರ್ಧಕ್ಕೆ ಬಿಟ್ಟದ್ದು ತಪ್ಪು.

ಹಾಗೆಯೇ ಟ್ರೋಪೋನಿನ್ ಏರಿದವರೆಲ್ಲರಿಗೂ ನಾಳ ಮುಚ್ಚಿದೆ ಎಂದೂ ಅಲ್ಲ. ಮೂತ್ರಪಿಂಡ ಕೆಟ್ಟವರಲ್ಲಿ, ಮೈಗೆಲ್ಲ ನಂಜು ಏರಿದವರಲ್ಲಿ, ಶ್ವಾಸಕೋಶದ ನಾಳದಲ್ಲಿ ಗಡ್ಡೆ ಕೂತವರಲ್ಲಿ, ಹೃದಯದ ಮಾಂಸಕ್ಕೆ ವೈರಸ್ ಸೋಂಕಾದವರಲ್ಲಿಯೂ ಏರುತ್ತದೆ. ಅದನ್ನು ಬಿಡಿಸುವುದು ಡಾಕ್ಟರರ ಕೆಲಸ. ಚೀಟಿ ಹಿಡಿದು ನಾವೇ ತೀರ್ಪು ಕೊಡುವಂತಿಲ್ಲ, ಅದು ಏರಿದ್ದರೂ ಸರಿ ಇಳಿದಿದ್ದರೂ ಸರಿ.

ದಿನಾ ಇರುವ, ಹೆಚ್ಚೂ ಕಡಿಮೆಯೂ ಆಗದ ಆಂಜೈನಾದವರ ರಕ್ತದಲ್ಲಿ ಏನೂ ಇರುವುದಿಲ್ಲವೋ ಎಂದು ನಮ್ಮಲ್ಲಿ ಒಬ್ಬರು ಕೇಳಿದರು. 2009ರಲ್ಲಿ ಇದಕ್ಕೆ ಒಂದು ಉತ್ತರ ಬಂತು. ನಾರ್ವೆಯ ಟೊರ್ಬ್ಯೋರ್ನ್ ಓಮ್‌ಲಾಂಡ್ ಮತ್ತು ಸಂಗಡಿಗರು ಹೃದಯನಾಳದ ಕಾಯಿಲೆಯಿದ್ದು ಸ್ಥಿರವಾಗಿದ್ದ 3,679 ಮಂದಿಯ ರಕ್ತವನ್ನು ಅತಿ ಸೂಕ್ಷ್ಮ ಪರೀಕ್ಷೆಯಿಂದ ನೋಡಿದರು. ಹೆಚ್ಚುಕಡಿಮೆ ಎಲ್ಲರಲ್ಲೂ ಸೂಜಿಮೊನೆಯಷ್ಟು ಟ್ರೋಪೋನಿನ್ ಇತ್ತು. ನೂರಕ್ಕೆ 11 ಮಂದಿಯಲ್ಲಿ ಆರೋಗ್ಯವಂತರ ಮೇಲಿನ ಗೆರೆಯನ್ನು ಅದು ದಾಟಿತ್ತು. ಜಾಸ್ತಿ ಇದ್ದವರಲ್ಲಿ ಮುಂದೆ ಹೃದಯ ಸೋಲುವುದು, ಹೃದಯದಿಂದಲೇ ಸಾಯುವುದು ಹೆಚ್ಚಾಗಿತ್ತು. ಆದರೆ ಹೊಸ ಹಾರ್ಟ್ ಅಟ್ಯಾಕ್ ಯಾರಿಗೆ ಬರುತ್ತದೆ ಎಂಬುದನ್ನು ಅದು ಸರಿಯಾಗಿ ಮುಂದಾಗಿ ಹೇಳಲಿಲ್ಲ. ರಕ್ತಕ್ಕೂ ಪ್ರವಾದನೆಯ ವರ ಪೂರ್ತಿ ಸಿಕ್ಕಿಲ್ಲ.

ಇನ್ನು ಎರಡು ಹೆಸರುಗಳನ್ನು ನೀವು ದೊಡ್ಡ ಆಸ್ಪತ್ರೆಗಳ ಚೀಟಿಯಲ್ಲಿ ಕಾಣಬಹುದು. ಒಂದು ಬಿಎನ್‌ಪಿ. ಹೃದಯದ ಗೋಡೆ ಒತ್ತಡಕ್ಕೆ ಹಿಗ್ಗಿದಾಗ ಅದು ರಕ್ತಕ್ಕೆ ಬಿಡುವ ಪದಾರ್ಥ. 1988ರಲ್ಲಿ ಜಪಾನಿನಲ್ಲಿ ಹಂದಿಯ ಮೆದುಳಿನಲ್ಲಿ ಮೊದಲು ಸಿಕ್ಕಿದ್ದರಿಂದ ಹೆಸರಿನಲ್ಲಿ ಮೆದುಳು ಸೇರಿಕೊಂಡಿದೆ. ಉಬ್ಬಸ ಬಂದವರಲ್ಲಿ ಅದು ಶ್ವಾಸಕೋಶದಿಂದಲೋ ಹೃದಯದಿಂದಲೋ ಎಂದು ತಿಳಿಯಲು ಬಹಳ ಉಪಕಾರಿ. ಇನ್ನೊಂದು ಸಿಆರ್‌ಪಿ. 1930ರಲ್ಲಿ ನ್ಯೂಮೋನಿಯಾ ರೋಗಿಗಳ ರಕ್ತದಲ್ಲಿ ಕಂಡದ್ದು. ಮೈಯಲ್ಲಿ ಎಲ್ಲಿ ಉರಿ ಇದ್ದರೂ ಏರುತ್ತದೆ. 1994ರಲ್ಲಿ ರೋಮಿನ ವೈದ್ಯರು, ಆಂಜೈನಾ ಕೆರಳಿ ಆಸ್ಪತ್ರೆಗೆ ಬಂದವರಲ್ಲಿ ಸಿಆರ್‌ಪಿ ಏರಿದವರಿಗೆ ಅಪಾಯ ಹೆಚ್ಚೆಂದು ತೋರಿಸಿದರು. ಕೊಬ್ಬು ಕೂತ ನಾಳದಲ್ಲಿ ಉರಿಯೂ ಇರುತ್ತದೆ ಎಂಬ ತಿಳಿವಳಿಕೆಗೆ ಅದು ದೊಡ್ಡ ಮೆಟ್ಟಿಲು. ಆದರೆ ಹಲ್ಲು ಬಾತರೂ ಜ್ವರ ಬಂದರೂ ಅದು ಏರುವುದರಿಂದ, ನಮ್ಮ ಲೈನಿನವರು ಕೈಯಿಂದ ಹಣ ಹಾಕಿ ಸಿಆರ್‌ಪಿ ಮಾಡಿಸಿಕೊಳ್ಳಬೇಕಾದ ಅವಶ್ಯವಿದೆ ಎಂದು ನಮಗೆ ಅನ್ನಿಸುವುದಿಲ್ಲ.

ಇಲ್ಲಿ ನಾವು ಸ್ವಲ್ಪ ಖಾರವಾಗಿ ಮಾತನಾಡಬೇಕಾಗಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಪರೀಕ್ಷೆಗಾಗಿ ಜನ ಸಾಲು ನಿಂತರು. ಆ ಭಯ ನಮ್ಮ ಗುಡ್ಡಕ್ಕೂ ಬಂತು. ಭಯ ಬಂದಲ್ಲಿಗೆ ವ್ಯಾಪಾರ ಬರುತ್ತದೆ. ಬೋನಸ್ ಸಿಕ್ಕ ತಿಂಗಳು ವ್ಯಾನು ತಂದು ನಿಲ್ಲಿಸಿ, ಎಪ್ಪತ್ತು ಎಂಬತ್ತು ಪರೀಕ್ಷೆಗಳನ್ನು ಒಂದೇ ಕಂತೆ ಕಟ್ಟಿ ಮಾರುವವರಿದ್ದಾರೆ. ಹನ್ನೆರಡು ವರ್ಷ ವೈದ್ಯರ ಬಳಿ ಅಲೆದು ಇದ್ದದ್ದನ್ನೆಲ್ಲ ಕಳೆದುಕೊಂಡ ಹೆಂಗಸಿನ ಸಂಗತಿಯನ್ನು ಸುವಾರ್ತೆಯಲ್ಲಿ ಓದಿದ್ದೇವೆ. ಆಕೆಯ ಹಾಗೆ ಚೀಲ ಬರಿದು ಮಾಡಿಕೊಳ್ಳಬೇಡಿ.

ಹೃದಯದ ವಿಷಯದಲ್ಲಿ ನಮ್ಮಂಥವರಿಗೆ ಹೆಚ್ಚು ಹೇಳುವುದು ಅಗ್ಗದ ಪರೀಕ್ಷೆಗಳೇ. ಮೊದಲನೆಯದು ಹಿಮೋಗ್ಲೋಬಿನ್. ರಕ್ತಹೀನತೆ ಇದ್ದರೆ ಪ್ರತಿ ತೊಟ್ಟು ರಕ್ತವೂ ಕಡಿಮೆ ಆಮ್ಲಜನಕ ಹೊರುತ್ತದೆ. ಅರ್ಧ ತುಂಬಿದ ಬುಟ್ಟಿಗಳಲ್ಲಿ ಎಲೆ ಸಾಗಿಸಿದ ಹಾಗೆ, ಹೃದಯ ಎರಡು ಪಟ್ಟು ಓಡಬೇಕು. ನಾಳ ಸ್ವಲ್ಪವೇ ಕಿರಿದಾಗಿದ್ದರೂ ಆಗ ಆಂಜೈನಾ ಎದ್ದು ಬರುತ್ತದೆ. ಎಲೆ ಕೀಳುವ ನಮ್ಮ ಅಕ್ಕತಂಗಿಯರಲ್ಲಿ ರಕ್ತಹೀನತೆ ಎಷ್ಟು ಎಂದು ನಮ್ಮ ನರ್ಸಮ್ಮ ಕಣ್ಣಿನ ರೆಪ್ಪೆ ಬಿಡಿಸಿಯೇ ಹೇಳುತ್ತಿದ್ದರು. ಎರಡನೆಯದು ಸಕ್ಕರೆ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಬೇಗ ಕಿರಿದಾಗುತ್ತದೆ, ನೋವು ತಿಳಿಯುವ ನರವೂ ಮಂದವಾಗುವುದರಿಂದ ಎಚ್ಚರಿಕೆಯ ಗಂಟೆಯೇ ಬಾರಿಸದೆ ಹೋಗಬಹುದು. ಮೂರು ತಿಂಗಳ ಸಕ್ಕರೆಯ ಲೆಕ್ಕ ಕೊಡುವ ಎಚ್‌ಬಿಎ1ಸಿ ಎಂಬ ಪರೀಕ್ಷೆ ಇದೆ. ಮೂರನೆಯದು ಕೊಲೆಸ್ಟರಾಲ್, ಅದರಲ್ಲಿಯೂ ಎಲ್‌ಡಿಎಲ್ ಎಂಬ ಭಾಗ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಅದರ ಜೊತೆಗೆ. ರಕ್ತವಲ್ಲದಿದ್ದರೂ ಬಿಪಿ ನೋಡಿಸಿಕೊಳ್ಳುವುದನ್ನು ಬಿಡಬಾರದು. ಮನೆತನದಲ್ಲಿ ನಲವತ್ತರೊಳಗೆ ಹಾರ್ಟ್ ಅಟ್ಯಾಕ್ ಆದವರಿದ್ದರೆ ಲಿಪೋಪ್ರೋಟೀನ್ ಎ ಎಂಬುದನ್ನು ಬದುಕಿನಲ್ಲಿ ಒಮ್ಮೆ ನೋಡಿಸಬಹುದು ಎನ್ನುತ್ತಾರೆ. ಅದು ಹುಟ್ಟಿನಿಂದ ಬಂದದ್ದು, ಊಟದಿಂದ ಹೆಚ್ಚು ಬದಲಾಗುವುದಿಲ್ಲ.

ಕೊಲೆಸ್ಟರಾಲ್ ಅಂಕಿ ತಿಳಿದು ಮಾಡುವುದೇನು ಎಂದು ಕೇಳುವವರಿಗೆ ಒಂದು ಸಂಗತಿ. 1933ರಲ್ಲಿ ಜಪಾನಿನ ಅಕಿಟಾ ಪ್ರಾಂತದ ರೈತ ಮನೆಯಲ್ಲಿ ಹುಟ್ಟಿದ ಅಕಿರಾ ಎಂಡೊ ಎಂಬವರು ಸುಮಾರು 6,000 ಬಗೆಯ ಬೂಷ್ಟುಗಳನ್ನು ಜಾಲಾಡಿ, 1973ರಲ್ಲಿ ಕೊಲೆಸ್ಟರಾಲ್ ಇಳಿಸುವ ಮೊದಲ ಸ್ಟ್ಯಾಟಿನ್ ಔಷಧಿಯನ್ನು ಕಂಡರು. ಅವರು 2024ರಲ್ಲಿ ತೀರಿಹೋದರು. 1994ರಲ್ಲಿ ಉತ್ತರ ಯುರೋಪಿನ ಐದು ದೇಶಗಳಲ್ಲಿ ಆಂಜೈನಾ ಇದ್ದ ಅಥವಾ ಹಾರ್ಟ್ ಅಟ್ಯಾಕ್ ಆಗಿದ್ದ, ಕೊಲೆಸ್ಟರಾಲ್ ಏರಿದ್ದ 4,444 ಮಂದಿಯ ಪರೀಕ್ಷೆಯ ಫಲ ಹೊರಬಂತು. ಬರಿಯ ಹುಸಿಮಾತ್ರೆ ತಿಂದ ಅರ್ಧ ಜನರಲ್ಲಿ ಐದು ವರ್ಷ ಚಿಲ್ಲರೆಯಲ್ಲಿ 256 ಮಂದಿ ತೀರಿಹೋಗಿದ್ದರು. ಸ್ಟ್ಯಾಟಿನ್ ತಿಂದ ಅರ್ಧದಲ್ಲಿ 182 ಮಂದಿ. ಈಗ ಆ ಜಾತಿಯ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ತಂದು, ಎದೆ ಹಗುರಾಯಿತೆಂದು ಹದಿನೈದು ದಿನಕ್ಕೆ ನಿಲ್ಲಿಸುವವರು ನಮ್ಮ ಲೈನಿನಲ್ಲೇ ಇದ್ದಾರೆ. ಯಾರೆಂದು ಹೇಳುವುದಿಲ್ಲ, ಅವರಿಗೇ ಗೊತ್ತು.

ಈಗ, ಕಾರ್ಮಿಕ ಕೂಟವಾದ ನಾವು ಮುಚ್ಚಿಡಬಾರದ ಸಂಗತಿಯೊಂದಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ವೈದ್ಯರು ಮುಂದಾಳುಗಳಾಗಿ, ಭಾರತದ 89 ಕೇಂದ್ರಗಳಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಕೆರಳಿದ ಆಂಜೈನಾದಿಂದ ಬಂದ 20,468 ಮಂದಿಯ ಲೆಕ್ಕ ಬರೆದಿಟ್ಟರು, 2008ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಆಸ್ಪತ್ರೆ ಮುಟ್ಟುವ ಹೊತ್ತಿಗೆ ನೋವು ಬಂದು ಆರು ಗಂಟೆ ಕಳೆದಿತ್ತು. ಕೊಲೆಸ್ಟರಾಲ್ ಮಾತ್ರೆ ಸಿಕ್ಕಿದ್ದು ಸಿರಿವಂತರಲ್ಲಿ ನೂರಕ್ಕೆ 61 ಮಂದಿಗೆ, ಬಡವರಲ್ಲಿ 36 ಮಂದಿಗೆ. ಒಂದು ತಿಂಗಳೊಳಗೆ ಸತ್ತವರು ಸಿರಿವಂತರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2. ಇದರಲ್ಲಿ ಆಶ್ಚರ್ಯವೇನಿದೆ ಎನ್ನುವಿರಿ. ಮುಂದೆ ಕೇಳಿ. ಕೊಟ್ಟ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿ ನೋಡಿದಾಗ ಬಡವ ಬಲ್ಲಿದರ ಸಾವಿನ ಅಂತರವೇ ಮಾಯವಾಯಿತು. ಅಂದರೆ ಬಡವನ ಹೃದಯ ಬೇರೆ ಮಾಂಸದಿಂದ ಮಾಡಿದ್ದಲ್ಲ. ಅವನಿಗೆ ಅದೇ ಮದ್ದು ಕೊಟ್ಟಿದ್ದರೆ ಅವನೂ ಅಷ್ಟೇ ಬದುಕುತ್ತಿದ್ದ. ಇದು ಯಾವ ಸಂಘದ ಕರಪತ್ರದ ಮಾತೂ ಅಲ್ಲ, ವೈದ್ಯರ ಲೆಕ್ಕ.

ಮದ್ದಿನ ಮಾತು ಬಂದುದರಿಂದ ದುಡಿಮೆಗಾರರಿಗೆ ಸೇರಿದ ಒಂದು ಕಥೆ ಹೇಳಿ ಮುಂದೆ ಹೋಗುತ್ತೇವೆ. ನಾಲಿಗೆಯಡಿ ಇಡುವ ಮಾತ್ರೆ ಇದೆಯಲ್ಲ, ಅದರ ಮೂಲಪುರುಷ ನೈಟ್ರೋಗ್ಲಿಸರಿನ್, ಬಂಡೆ ಸಿಡಿಸುವ ಡೈನಮೈಟಿನೊಳಗಿನದು. ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲಿ ಅದನ್ನು ಆಂಜೈನಾಕ್ಕೆ ಕೊಟ್ಟು ಗುಣ ಕಂಡರು. ಸಿಡಿಮದ್ದಿನ ಕಾರ್ಖಾನೆಯ ಕೆಲಸಗಾರರಿಗೆ ಕೆಲಸಕ್ಕೆ ಹೊರಳಿದ ದಿನ ತಲೆ ಸಿಡಿಯುತ್ತಿತ್ತು, ನಾಳಗಳು ಅಗಲವಾದ್ದರಿಂದ. ವಾರವೆಲ್ಲ ಅದರ ಗಾಳಿಯಲ್ಲಿದ್ದವರಿಗೆ ರಜೆಯ ದಿನ ಎದೆನೋವು ಬರುವುದೂ ಇತ್ತು. ಮದ್ದು ತಪ್ಪಿ ನಾಳ ಮತ್ತೆ ಬಿಗಿದದ್ದರಿಂದ. ಡೈನಮೈಟಿನ ಒಡೆಯ ಆಲ್‌ಫ್ರೆಡ್ ನೊಬೆಲ್ ಅವರಿಗೂ ಕೊನೆಗಾಲದಲ್ಲಿ ವೈದ್ಯರು ಅದನ್ನೇ ಬರೆದುಕೊಟ್ಟರು.

ಇಷ್ಟು ಕಲಿತ ಮೇಲೆ ನಾವು ಲೈನಿನಲ್ಲಿ ಏನು ಮಾಡಿಕೊಂಡಿದ್ದೇವೆ ಎಂದು ಹೇಳುತ್ತೇವೆ. ಹತ್ತುವಾಗ ಎದೆ ಹಿಂಡುವವರು ಯಾರಿದ್ದರೂ “ಗ್ಯಾಸ್” ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಒಂದು ವಾರದೊಳಗೆ ಅವರ ಜೊತೆ ನಮ್ಮಲ್ಲೊಬ್ಬರು ಆಸ್ಪತ್ರೆಗೆ ಹೋಗುತ್ತೇವೆ. ಟ್ರೋಪೋನಿನ್ ನಾರ್ಮಲ್ ಇದ್ದರೂ ಡಾಕ್ಟರಲ್ಲಿ “ಹತ್ತಿದರೆ ಬರುತ್ತದೆ, ನಿಂತರೆ ಹೋಗುತ್ತದೆ” ಎಂಬ ಮಾತನ್ನು ಬಿಡದೆ ಹೇಳುತ್ತೇವೆ. ಹೆಬರ್ಡನ್ ಕಾಲದಿಂದಲೂ ಆ ಮಾತೇ ದೊಡ್ಡ ಪರೀಕ್ಷೆ. ಟ್ರೆಡ್‌ಮಿಲ್ಲೋ ಸ್ಕ್ಯಾನೋ ಆಂಜಿಯೋಗ್ರಾಮೋ ಬೇಕೇ ಎಂದು ಅವರು ತೀರ್ಮಾನಿಸಲಿ.

ನೋವಿನ ನಡತೆ ಬದಲಾದರೆ ಮಾತ್ರ ವಾರ ಕಾಯುವಂತಿಲ್ಲ. ಕೂತಲ್ಲೇ ಬಂದರೆ, ನಿದ್ದೆಯಿಂದ ಎಬ್ಬಿಸಿದರೆ, ಮೊದಲಿಗಿಂತ ಕಡಿಮೆ ನಡೆಗೇ ಬಂದರೆ, ಬೆವರು ವಾಂತಿ ಜೊತೆಗೂಡಿದರೆ ಆ ಗಳಿಗೆಯೇ ಗಾಡಿ ಹತ್ತಬೇಕು. ಕೆಲಸ ಬಿಟ್ಟು ಕೂರಿಸಿ. ಡಾಕ್ಟರು ಬರೆದುಕೊಟ್ಟ ನಾಲಿಗೆಯಡಿಯ ಮಾತ್ರೆ ಇದ್ದರೆ ಕೂತುಕೊಂಡೇ ಇಡಿ, ನಿಂತಿದ್ದರೆ ತಲೆ ತಿರುಗಿ ಬೀಳಬಹುದು. ಐದು ನಿಮಿಷಕ್ಕೆ ಇಳಿಯದಿದ್ದರೆ 108ಕ್ಕೆ ಫೋನು ಮಾಡಿ. ಆಸ್ಪಿರಿನ್ ಒಗ್ಗದವರು, ಹೊಟ್ಟೆಯಲ್ಲಿ ರಕ್ತ ಹೋಗುವವರು ಅಲ್ಲದಿದ್ದರೆ 300 ಅಥವಾ 325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ನಡೆಸಿಕೊಂಡು ಹೋಗಬೇಡಿ, ಏಣಿಯ ಮೇಲಾದರೂ ಹೊತ್ತು ತನ್ನಿ. ತಮಿಳುನಾಡಿನಲ್ಲಿ 2023ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮೊದಲ ಪಾಳಿಯ ಹೃದಯದ ಮಾತ್ರೆಗಳನ್ನು ಕೊಟ್ಟು ಮುಂದಕ್ಕೆ ಕಳುಹಿಸುವ “ಇದಯಂ ಕಾಪ್ಪೋಂ” ಯೋಜನೆ ಇದೆ. ಕರ್ನಾಟಕದ ಕಡೆ ಪುನೀತ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆ ಇದೆ. ಆಸ್ಪತ್ರೆಯಲ್ಲಿ ಮೊದಲ ರಕ್ತ ನಾರ್ಮಲ್ ಎಂದರೆ, ಜೊತೆಗೆ ಹೋದವರು ಕೈಜೋಡಿಸಿ ಒಂದು ಪ್ರಶ್ನೆ ಕೇಳಬೇಕು: “ಡಾಕ್ಟರೇ, ನೋವು ಶುರುವಾಗಿ ಇಷ್ಟು ಗಂಟೆ ಆಯಿತು, ಎರಡನೆಯ ರಕ್ತ ಯಾವಾಗ ತೆಗೆಯುತ್ತೀರಿ?” ನೋವು ಶುರುವಾದ ಗಂಟೆಯನ್ನು ಕಾಗದದ ಮೇಲೆ ಬರೆದು ಒಯ್ಯಿರಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಬೀಡಿ ಬಿಟ್ಟರೆ ಈ ಅಂಕಿಗಳು ಇಳಿಯುತ್ತವೆಯೋ ಎಂದು ಒಬ್ಬ ತಮ್ಮ ಕೇಳಿದ. ಟ್ರೋಪೋನಿನ್ನಿಗೂ ಬೀಡಿಗೂ ನೇರ ಲೆಕ್ಕ ಹಾಕಬೇಡ, ನಾಳಕ್ಕೂ ಬೀಡಿಗೂ ಹಾಕು ಎಂದೆವು. ಪ್ರಾರ್ಥನೆಯಿಂದ ವಾಸಿಯಾಗುವುದಿಲ್ಲವೋ ಎಂದು ಒಬ್ಬ ಅಜ್ಜಿ ಕೇಳಿದರು. ಅಜ್ಜೀ, ಪ್ರಾರ್ಥಿಸಿಯೇ ಜೀಪು ಹತ್ತೋಣ, ಜೀಪಿನಲ್ಲಿಯೂ ಪ್ರಾರ್ಥಿಸೋಣ ಎಂದು ಅಯ್ಯನವರೇ ಉತ್ತರ ಕೊಟ್ಟರು. ಮಸ್ಟರ್ ತಪ್ಪಿದರೆ ಸಂಬಳ ಹೋಗುತ್ತದಲ್ಲ ಎಂದು ಮೂವರು ಕೇಳಿದರು. ಕಾಯಿಲೆ ರಜೆಯ ಮಾತನ್ನು ಸಂಘದವರ ಜೊತೆ ಕೂತು ಮ್ಯಾನೇಜರರ ಬಳಿಗೆ ಒಯ್ಯುವುದೆಂದು ನಿಶ್ಚಯವಾಗಿದೆ, ಆಗುವವರೆಗೆ ನಾವು ಅದನ್ನು ಬಿಡುವುದಿಲ್ಲ.

ಕೊನೆಯಲ್ಲಿ ಆ ಅಣ್ಣನವರ ಮನೆಯವರು ಎದ್ದು, ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ಅವರದೇ ರಕ್ತದ್ದು. ಹಿಮೋಗ್ಲೋಬಿನ್ 8.4 ಎಂದಿತ್ತು. ಆರು ತಿಂಗಳಿಂದ ಗಂಟಿನಲ್ಲೇ ಇತ್ತಂತೆ. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾವು ಇಬ್ಬರು ಅವರ ಜೊತೆ ಹೋಗುತ್ತಿದ್ದೇವೆ. ಇನ್ನೂ ಯಾರ ಗಂಟಿನಲ್ಲಾದರೂ ಚೀಟಿ ಇದ್ದರೆ ಸೋಮವಾರ ಸಂಜೆಯೊಳಗೆ ಶಿಶುವಿಹಾರದ ಬಳಿ ತಂದು ತೋರಿಸಿರಿ. ಬಿಪಿ ಯಂತ್ರವೂ ಅಲ್ಲೇ ಇರುತ್ತದೆ.